ಬಿಸಿಲಿಗೆ ಮೊದಲು ಸುಣ್ಣ, ಮಿರುಗಕ್ಕೆ ಮೊದಲು ಒಡ್ಡು: ನಮ್ಮ ಕಲಬುರಗಿ ಕಡೆಯವರು ಹವಾಮಾನ ಬದಲಾವಣೆಗೆ ತಯಾರಾಗುವುದು ಹೇಗೆ

ಮೊದಲು ಕೆಲಸ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಫೆಬ್ರುವರಿ ಮುಗಿಯುವುದರೊಳಗೆ ಮಾಳಿಗೆಗೆ, ಅಂದರೆ ಮನೆಯ ಛಾವಣಿಗೆ, ಸುಣ್ಣ ಬಳಿಯಿರಿ. ಏಪ್ರಿಲ್‌ನಲ್ಲಿ ನೋಡೋಣ ಅಂತ ಬಿಟ್ಟರೆ ಮಧ್ಯಾಹ್ನ ಮೇಲೆ ಕಾಲಿಡುವುದಕ್ಕೂ ಆಗುವುದಿಲ್ಲ, ಅಷ್ಟರಲ್ಲಿ ಮನೆ ಕಾದು ಹಂಚಾಗಿರುತ್ತದೆ.

ಆರ್‌ಸಿಸಿ ಮಾಳಿಗೆ ಹಗಲಿಡೀ ಬಿಸಿಲು ಕುಡಿಯುತ್ತದೆ, ರಾತ್ರಿ ಅದನ್ನು ನಮ್ಮ ತಲೆಯ ಮೇಲೆ ಬಿಡುತ್ತದೆ. ಬೆಳ್ಳಗಿದ್ದರೆ ಬಿಸಿಲಿನ ಹೆಚ್ಚಿನ ಪಾಲು ವಾಪಸ್ ಹೋಗುತ್ತದೆ. ಒಳಗೆ 2ರಿಂದ 5 ಡಿಗ್ರಿ ಕಡಿಮೆಯಾಗಬಹುದು. ಮೊದಲು ಮಾಳಿಗೆ ಚೆನ್ನಾಗಿ ಗುಡಿಸಿ, ಪಾಚಿ ಕೆರೆದು ತೊಳೆದು ಒಣಗಿಸಿ. ಸುಣ್ಣ ಹಿಂದಿನ ದಿನವೇ ನೆನೆಹಾಕಿ, ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಸೋಸಿ, ಸ್ವಲ್ಪ ಅಂಟು ಬೆರೆಸಿ, ಸಂಜೆ ಹೊತ್ತು ಎರಡು ಸಲ ಬಳಿಯಿರಿ. ಒಂದು ಮಳೆಗಾಲಕ್ಕೆ ಅದು ಹೋಗುತ್ತದೆ, ಪ್ರತಿ ವರ್ಷ ಬಳಿಯಬೇಕು. ಪತ್ರಾಸ್ ಶೆಡ್ಡಿನಲ್ಲಿ ಇರುವವರಿಗೆ ಇದು ಎಲ್ಲರಿಗಿಂತ ಜಾಸ್ತಿ ಬೇಕು, ಯಾಕೆಂದರೆ ತಗಡು ಕಾದಷ್ಟು ಯಾವುದೂ ಕಾಯುವುದಿಲ್ಲ. ಪಕ್ಕದ ತೆಲಂಗಾಣ 2023ರಲ್ಲಿ ಇಂಥ ತಂಪು ಛಾವಣಿಗೆಂದೇ ಒಂದು ನೀತಿ ತಂದಿತು. ಹೈದರಾಬಾದಿಗೂ ನಮಗೂ ಬಿಸಿಲಿನಲ್ಲಿ ಏನು ಫರಕಿದೆ?

ಅಜ್ಜನ ಕಾಲದ ಕಲ್ಲು ಗೋಡೆಯ, ಮಣ್ಣಿನ ಮಾಳಿಗೆಯ ಮನೆ ಇನ್ನೂ ಉಳಿದಿದ್ದರೆ ಕೆಡವುವ ಮುಂಚೆ ಎರಡು ಸಲ ಯೋಚಿಸಿ. ದಪ್ಪ ಗೋಡೆ ಒಳಗೆ ಬಿಸಿ ಬರಲು ತಡ ಮಾಡುತ್ತದೆ, ಮೇಲಿನ ಬೆಳಕಿಂಡಿ ಬಿಸಿ ಗಾಳಿಯನ್ನು ಹೊರಗೆ ಬಿಡುತ್ತದೆ. ಸೋರುವ ಜಾಗ ಸರಿ ಮಾಡಿಸಿದರೆ ಆ ಮನೆಯಲ್ಲಿ ಮೇ ತಿಂಗಳಲ್ಲೂ ನಿದ್ದೆ ಬರುತ್ತದೆ.

ಈಗ ಕಾರಣ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟಾಗ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಅದು ನೆಲದ ಬಿಸಿಯನ್ನು ಮೇಲೆ ಹೋಗಲು ಬಿಡದೆ ಕಂಬಳಿಯ ಹಾಗೆ ಹಿಡಿದಿಡುತ್ತದೆ. ಕಾರ್ಖಾನೆಗಳ ಕಾಲ ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 280 ಭಾಗ ಇತ್ತು, ಈಗ 420 ದಾಟಿದೆ. 2024 ಈವರೆಗಿನ ದಾಖಲೆಯಲ್ಲೇ ಅತಿ ಬಿಸಿ ವರ್ಷ. ನಮ್ಮ ಕಣ್ಣೆದುರಿಗೇ ಇರುವ ಇನ್ನೊಂದು ಕಾರಣ ಸಿಮೆಂಟ್. ವಾಡಿ, ಶಹಾಬಾದ್, ಸೇಡಂ, ಮಳಖೇಡ ಕಡೆ ನೆಲದ ತುಂಬ ಸುಣ್ಣದ ಕಲ್ಲಿದೆ. ಸಿಮೆಂಟ್ ಮಾಡಲು ಆ ಕಲ್ಲನ್ನು ಸುಡಬೇಕು. ಸುಡುವ ಇಂಧನದಿಂದಲೂ ಹೊಗೆ, ಕಲ್ಲಿನೊಳಗಿಂದಲೂ ಅದೇ ಕಾರ್ಬನ್ ಡೈಆಕ್ಸೈಡ್. ಜಗತ್ತಿನ ಒಟ್ಟು ಲೆಕ್ಕದಲ್ಲಿ ಸಿಮೆಂಟಿನ ಪಾಲು ಸುಮಾರು ನೂರಕ್ಕೆ 7ರಿಂದ 8. ಸಾವಿರಾರು ಮನೆಗಳ ಅನ್ನ ಅದರಲ್ಲಿದೆ, ಮುಚ್ಚಿ ಅಂತ ನಾನು ಹೇಳುವುದಿಲ್ಲ. ಆದರೆ ಮನೆ ಕಟ್ಟುವವರು ಹಾರುಬೂದಿ ಬೆರೆತ ಸಿಮೆಂಟ್ ಕೇಳಿ ತೆಗೆದುಕೊಳ್ಳಬಹುದು, ನೆಲಕ್ಕೂ ಗೋಡೆಗೂ ಶಹಾಬಾದ್ ಕಲ್ಲನ್ನೇ ಬಳಸಬಹುದು ಅಲ್ವಾ?

ಒಂದು ಮಾತು ಮಾತ್ರ ಸ್ಪಷ್ಟ ಇರಲಿ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಅಮೆರಿಕದಲ್ಲಿ ಸುಮಾರು 14 ಟನ್. ಜೇವರ್ಗಿಯ ಕೂಲಿಯವರ ಪಾಲು ಆ 2 ಟನ್ನಿಗಿಂತ ಎಷ್ಟೋ ಕಡಿಮೆ. ತಪ್ಪು ಅವರದಲ್ಲ, ಪೆಟ್ಟು ಮೊದಲು ಅವರಿಗೆ. ಅದಕ್ಕೇ ಈ ಬರಹದಲ್ಲಿ ಉಳಿದುಕೊಳ್ಳುವ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೈಗೆ ಬಿಸಿಲು ಹತ್ತದಂತೆ ಏನು ಮಾಡಬೇಕು? ಏಪ್ರಿಲ್, ಮೇನಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಹೊಲದ ಕೆಲಸಕ್ಕೂ, ಕಟ್ಟಡದ ಕೆಲಸಕ್ಕೂ ಅದೇ ನಿಯಮ ಹಾಕಿಕೊಳ್ಳಿ. ಕೂಲಿಗೆ ಜನ ಕರೆಯುವವರು ನೆರಳು, ನೀರು, ಮಧ್ಯಾಹ್ನದ ಬಿಡುವು ಕೊಡಲೇಬೇಕು, ಅದನ್ನು ಉಪಕಾರ ಅಂತ ತಿಳಿಯಬೇಡಿ. ಜೋಳದ ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ ನಮ್ಮವರು ಸುಮ್ನೆ ಕುಡಿಯುತ್ತಿರಲಿಲ್ಲ, ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರುವುದೇ ಹಾಗೆ. ಓಆರ್‌ಎಸ್ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಚಮಚ ಮಟ್ಟಸವಾಗಿರಲಿ. ಯಾರಾದರೂ ಮಾತು ತಡವರಿಸಿದರೆ, ಗೊಂದಲದಲ್ಲಿದ್ದರೆ, ಮೈ ಸುಡುತ್ತಿದ್ದರೆ ಅದು ಬರೀ ಸುಸ್ತಲ್ಲ. 108ಕ್ಕೆ ಫೋನ್ ಮಾಡಿ. ಅಂಬ್ಯುಲೆನ್ಸ್ ಬರುವವರೆಗೆ ಕಾಯದೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಕೂಲರ್ ಇರುವವರು ಎದುರಿನ ಕಿಟಕಿ ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ಕೂಲರ್ ಹಾಕಿದರೆ ತೇವ ತುಂಬಿ ಸೆಕೆ ಜಾಸ್ತಿಯಾಗುತ್ತದೆ.

ಇನ್ನು ನೀರಿನ ವಿಚಾರ, ನನಗೆ ಎಲ್ಲಕ್ಕಿಂತ ಹತ್ತಿರದ್ದು. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ 7ರಷ್ಟು ಹೆಚ್ಚು ಆವಿ ಹಿಡಿಯಬಲ್ಲದು. ಹಾಗಾಗಿ ಮಳೆ ಬಂದರೆ ಒಂದೇ ಸಲ ಬರುತ್ತದೆ, ಇಲ್ಲದಿದ್ದರೆ ವಾರಗಟ್ಟಲೆ ಸುಳಿವಿಲ್ಲ. ಚಿತ್ತಾಪುರ ತಾಲ್ಲೂಕಿನ ನಮ್ಮ ಹೊಲದಲ್ಲಿ ಇದನ್ನು ಎರಡೇ ವರ್ಷದಲ್ಲಿ ನೋಡಿದೆವು. 2022ರಲ್ಲಿ ಮಳೆ ಬಿಡದೆ ಸುರಿದು ನೆಲ ಆರಲೇ ಇಲ್ಲ, ಆಮೇಲೆ ನೆಟೆ ರೋಗ ಬಿದ್ದು ಹೂ ಕಾಯಿ ಹೊತ್ತಿದ್ದ ತೊಗರಿ ನಿಂತಲ್ಲೇ ಒಣಗಿತು, ನಮ್ಮಪ್ಪ ಒಂದು ಗಿಡ ಕಿತ್ತು ಬೇರು ಸೀಳಿ ನೋಡಿ ಏನೂ ಮಾತಾಡದೆ ಮನೆಗೆ ಬಂದರು. 2023ರಲ್ಲಿ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಒಂದು ವರ್ಷ ನೀರು ಹೆಚ್ಚಾಗಿ ಹೋಯಿತು, ಮರುವರ್ಷ ನೀರಿಲ್ಲದೆ ಹೋಯಿತು.

ಹಾಗಾದರೆ ಹೊಲ ಎರಡಕ್ಕೂ ತಯಾರಿರಬೇಕು. ಮಿರುಗ, ಅಂದರೆ ಮೃಗಶಿರಾ ಮಳೆ, ಕೂಡುವುದು ಜೂನ್ ಮೊದಲ ವಾರದ ಕೊನೆಗೆ, ಅದಕ್ಕೆ ಮೊದಲೇ ಒಡ್ಡು ಸರಿ ಮಾಡಿ, ಇಳಿಜಾರಿಗೆ ಅಡ್ಡಲಾಗಿ ಬಿತ್ತಿ. ಎರೆ ಹೊಲದಲ್ಲಿ ಕೆಲವು ಸಾಲಿಗೊಂದು ಕಾಲುವೆ ಬಿಡಿ. ಮಳೆ ಕಡಿಮೆಯಾದಾಗ ಅದರಲ್ಲಿ ನೀರು ನಿಂತು ಇಂಗುತ್ತದೆ, ಜಾಸ್ತಿಯಾದಾಗ ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ. ತೊಗರಿ ಬೇರಿಗೆ ನೀರು ನಿಂತರೆ ಆಗುವುದಿಲ್ಲ, ಇದು ನಮ್ಮವರಿಗೆಲ್ಲ ಗೊತ್ತು. ಆದರೂ ಕಾಲುವೆಗೆ ಹೋಗುವ ಒಂದು ಸಾಲಿನ ಜಾಗ ಬಿಡಲು ಮನಸ್ಸು ಬರುವುದಿಲ್ಲ. ಆ ಜಾಗ ಬಿಡಿ.

ಹೊಲದ ತಗ್ಗಿನ ಮೂಲೆಯಲ್ಲಿ ಕೃಷಿ ಹೊಂಡ ತೋಡಿಸಿ. ಎರೆ ಮಣ್ಣು ನೀರು ಹಿಡಿಯುತ್ತದೆ, ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಲೇಬೇಕು. ಸುತ್ತ ತಂತಿ ಬೇಲಿ ಹಾಕದೆ ಹೊಂಡಕ್ಕೆ ನೀರು ತುಂಬಿಸಬೇಡಿ, ಮಕ್ಕಳು ಬೀಳುತ್ತಾರೆ. ಹೂ ಬಿಡುವ ಹೊತ್ತಿಗೆ ಒಂದೇ ಒಂದು ನೀರು ಕೊಟ್ಟರೂ ತೊಗರಿ ಉಳಿಯುತ್ತದೆ. ಬೀದರಿನವರಿಗೆ ನಾನು ಇದನ್ನೆಲ್ಲ ಹೇಳುವುದೇ ಹೆಚ್ಚು. ಬಹಮನಿ ಸುಲ್ತಾನರ ಕಾಲದಲ್ಲೇ, 15ನೇ ಶತಮಾನದಲ್ಲಿ, ನೌಬಾದ್ ಕಡೆ ನೆಲದೊಳಗೆ ಸುರಂಗ ಕೊರೆದು ಅಂತರ್ಜಲವನ್ನು ಬರೀ ಇಳಿಜಾರಿನಿಂದ ಹರಿಸಿದ ಊರು ಅದು. ಮಕ್ಕಳನ್ನು ಕರೆದುಕೊಂಡು ಹೋಗಿ ಒಮ್ಮೆ ತೋರಿಸಿ.

ಊರಲ್ಲಿರುವವರ ಲೆಕ್ಕ ಇನ್ನೂ ಸುಲಭ. 1 ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. 1000 ಚದರ ಅಡಿ ಮಾಳಿಗೆ ಅಂದರೆ ಸುಮಾರು 93 ಚದರ ಮೀಟರ್, ವರ್ಷಕ್ಕೆ 700 ಮಿಲಿಮೀಟರ್ ಹಿಡಿದರೂ 65 ಸಾವಿರ ಲೀಟರ್ ಆಯಿತು. ನಾವು ಅದನ್ನು ಚರಂಡಿಗೆ ಬಿಟ್ಟು ಮಾರ್ಚ್‌ನಲ್ಲಿ ಟ್ಯಾಂಕರಿಗೆ ಫೋನ್ ಮಾಡುತ್ತೇವೆ. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಡಿ. ಆಮೇಲಿನದನ್ನು ಕಲ್ಲು, ಜಲ್ಲಿ, ಮರಳಿನ ಮೂಲಕ ಸೋಸಿ ಸಂಪಿಗೋ ಬೋರ್‌ವೆಲ್ ಪಕ್ಕದ ಇಂಗುಗುಂಡಿಗೋ ಬಿಡಿ. ಅಂಗಳದ ಎರೆ ಮಣ್ಣಿನ ನೀರು ಗುಂಡಿಗೆ ಹೋಗಬಾರದು, ಹೂಳು ತುಂಬಿ ಒಂದೇ ವರ್ಷಕ್ಕೆ ಗುಂಡಿ ಮುಚ್ಚಿಹೋಗುತ್ತದೆ.

ತೊಗರಿ ಬೀಜದ ಮಾತು. ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಟಿಎಸ್-3ಆರ್, ಜಿಆರ್‌ಜಿ-811 ತಳಿಗಳು ನೆಟೆ ರೋಗ ತಡೆಯುತ್ತವೆ, ಅದರಲ್ಲಿ ಟಿಎಸ್-3ಆರ್ ಬೇಗ ಬರುವ ತಳಿ. ಬೀಜಕ್ಕೆ ಟ್ರೈಕೋಡರ್ಮಾ (ರೋಗದ ಬೂಷ್ಟನ್ನು ತಡೆಯುವ ಒಳ್ಳೆಯ ಬೂಷ್ಟು) ಹಚ್ಚಿ ಬಿತ್ತಿ. ವರ್ಷ ವರ್ಷ ಅದೇ ಹೊಲಕ್ಕೆ ತೊಗರಿಯನ್ನೇ ಹಾಕಿದರೆ ರೋಗದ ಬೂಷ್ಟು ಮಣ್ಣಲ್ಲೇ ಕೂತಿರುತ್ತದೆ, ನಡುವೆ ಜೋಳ ಬರಲಿ. ಜೊತೆಗೆ ಹೆಸರು, ಉದ್ದು, ಸಜ್ಜೆ ಸಾಲು ಇರಲಿ, ಒಂದು ಹೋದರೆ ಇನ್ನೊಂದು ಕೈಗೆ ಬರುತ್ತದೆ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ (ಇದು ಈ ನೆಲದ್ದೇ ಎಂಬ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ಈ ಬೆಳೆಯ ಇನ್ನೊಂದು ಗುಣ ಯಾರೂ ಅಷ್ಟಾಗಿ ಹೇಳುವುದಿಲ್ಲ. ತೊಗರಿ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ತರುತ್ತವೆ, ಯೂರಿಯಾ ಕಡಿಮೆ ಸಾಕು. ಯೂರಿಯಾ ಹಾಕಿದ ಹೊಲದಿಂದ ಹೊರಡುವ ನೈಟ್ರಸ್ ಆಕ್ಸೈಡ್, ತೂಕಕ್ಕೆ ತೂಕ ಹಿಡಿದರೆ, ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಿಸಿ ಮಾಡುತ್ತದೆ.

ಬೆಳೆ ವಿಮೆ (ಫಸಲ್ ಬಿಮಾ) ಮಾಡಿಸುವುದನ್ನು ಜುಲೈ ಕೊನೆಗೆ ತಳ್ಳಬೇಡಿ. ಮುಂಗಾರು ಆಹಾರ ಬೆಳೆಗಳಿಗೆ ರೈತರ ಕಂತು ವಿಮಾ ಮೊತ್ತದ ನೂರಕ್ಕೆ 2 ಮಾತ್ರ. ಹೊಲದಲ್ಲಿ ನೀರು ನಿಂತು ಅಥವಾ ಆಲಿಕಲ್ಲು ಬಿದ್ದು ಬೆಳೆ ಹೋದರೆ 72 ಗಂಟೆಯೊಳಗೆ ತಿಳಿಸಬೇಕು, ಸಹಾಯವಾಣಿ 14447. ಎಲ್ಲರೂ ತಪ್ಪುವುದು ಇಲ್ಲಿ: ವಿಮೆ ಅರ್ಜಿಯಲ್ಲಿ ತೊಗರಿ ಅಂತ ಇದ್ದು ಬೆಳೆ ಸಮೀಕ್ಷೆಯಲ್ಲಿ ಹತ್ತಿ ಅಂತ ಬಿದ್ದರೆ ಹಣ ನಿಂತುಹೋಗುತ್ತದೆ. ನಮ್ಮದೇ ಒಂದು ಸರ್ವೆ ನಂಬರಿನದು ಹೀಗೆ ನಿಂತಿತ್ತು. ಸಮೀಕ್ಷೆ ಆ್ಯಪ್‌ನಲ್ಲಿ ನಿಮ್ಮ ಬೆಳೆ ಏನೆಂದು ಇದೆ, ನೀವೇ ತೆರೆದು ನೋಡಿ.

ಭೀಮಾ ದಂಡೆಯವರು ಇಲ್ಲಿಯ ಆಕಾಶ ನೋಡಿದರೆ ಸಾಲದು. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ಅಫಜಲಪುರದಿಂದ ಯಾದಗಿರಿವರೆಗೆ ಹಳ್ಳಿಗಳನ್ನು ಮುಳುಗಿಸಿತು. ಉಜನಿಯಿಂದ, ಸೊನ್ನ ಬ್ಯಾರೇಜಿನಿಂದ ಎಷ್ಟು ಬಿಡುತ್ತಿದ್ದಾರೆ ಎಂಬ ಸುದ್ದಿಗೆ ಕಿವಿ ಇರಲಿ. ಪಹಣಿ, ಪಾಸ್‌ಬುಕ್, ರೇಷನ್ ಕಾರ್ಡ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮೇಲೆ ಇಡಿ. ದನಗಳ ಹಗ್ಗ ಮೊದಲು ಬಿಚ್ಚಿ. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಫೋನಿಗೆ ಹಾಕಿಕೊಳ್ಳಿ, ಗುಡುಗಿದಾಗ ಹೊಲದ ಒಂಟಿ ಬೇವಿನ ಮರದ ಕೆಳಗೆ ನಿಲ್ಲಬೇಡಿ.

ಹೊಗೆ ಕಡಿಮೆ ಮಾಡಲು ನಮ್ಮ ಕೈಲಾಗುವುದೂ ಇದೆ. ಆಳಂದ, ಬೀದರ್ ಕಡೆಯವರು ಕಬ್ಬಿನ ರವದಿ (ಒಣ ಗರಿ) ಸುಡುವುದು ಬಿಟ್ಟು ಸಾಲಿನ ನಡುವೆ ಹಾಸಿದರೆ ತೇವ ಉಳಿಯುತ್ತದೆ, ಒಂದೆರಡು ನೀರು ಉಳಿಯುತ್ತದೆ. ಶಹಾಪುರ, ಸುರಪುರದ ಕಾಲುವೆ ಭತ್ತದಲ್ಲಿ ಸದಾ ನೀರು ನಿಲ್ಲಿಸಿದರೆ ಕೆಸರಿನಿಂದ ಮೀಥೇನ್ ಏಳುತ್ತದೆ, ಆಗಾಗ ಆರಗೊಟ್ಟು ಮತ್ತೆ ನೀರು ಕೊಡಿ. ಬಿಸಿಲು ಇಷ್ಟಿರುವ ಊರಲ್ಲಿ ಸೋಲಾರ್ ಹಾಕದಿರುವುದು ನಷ್ಟ. ಕೇಂದ್ರ ಸರ್ಕಾರದ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವಾಟಿಗೆ 60 ಸಾವಿರ, 3 ಕಿಲೋವಾಟಿಗೆ 78 ಸಾವಿರ ರೂಪಾಯಿ ಸಹಾಯಧನ ಇದೆ. ಫಲಕದ ಕೆಳಗಿನ ಮಾಳಿಗೆಗೆ ನೆರಳೂ ಆಯಿತು.

ಎಳ್ಳಮಾವಾಸ್ಯೆಗೆ ಹೇಗೂ ಮನೆಮಂದಿ ಎಲ್ಲ ಸೇರಿ ಹೊಲಕ್ಕೆ ಹೋಗುತ್ತೀರಿ. ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡಾದ ಮೇಲೆ ಒಂದು ಸುತ್ತು ಹಾಕಿ. ನೀರು ಎಲ್ಲಿ ನಿಂತಿತ್ತು, ಒಡ್ಡು ಎಲ್ಲಿ ಒಡೆದಿದೆ, ಯಾವ ಮೂಲೆ ತಗ್ಗಿದೆ ಅಂತ ಅಪ್ಪ, ಕಾಕಾ, ದೊಡ್ಡವರನ್ನು ಕೇಳಿ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಮಿರುಗಕ್ಕೆ ಇನ್ನೂ ಐದು ತಿಂಗಳು ಇರುತ್ತದೆ.