ಮೂರೂವರೆಯ ನಂತರದ ಲೆಕ್ಕ

ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯಲ್ಲಿ ಮಧ್ಯಾಹ್ನ ಮೂರೂವರೆಗೆ ವಹಿವಾಟು ಮುಗಿಯುತ್ತದೆ. ಆಮೇಲೆ ನನ್ನ ಅಲ್ಗೋ ಸ್ಟ್ರಾಟಜಿಗಳ (ಪ್ರೋಗ್ರಾಂ ತಾನಾಗಿಯೇ ಕೊಂಡು ಮಾರುವಂತೆ ಬರೆದ ನಿಯಮಗಳ) ಲೆಕ್ಕ ಹಿಡಿದು ಕೂರುತ್ತೇನೆ. ಮೊದಲು ನೋಡುವುದು ಅಂದಿನ ಲಾಭ-ನಷ್ಟವನ್ನಲ್ಲ, ಪ್ರೋಗ್ರಾಂ ನಾನು ಬರೆದ ನಿಯಮದಂತೆ ನಡೆಯಿತೇ ಎಂಬುದನ್ನು.

ಒಂದು ದಿನದ ಲಾಭ ಏನನ್ನೂ ಹೇಳುವುದಿಲ್ಲ. ದಿನಕ್ಕೆ ಸರಾಸರಿ ಶೇ 0.05 ಗಳಿಸುವ, ಆದರೆ ದಿನದಿಂದ ದಿನಕ್ಕೆ ಶೇ 1ರಷ್ಟು ಮೇಲೆ ಕೆಳಗೆ ಹೊಯ್ದಾಡುವ ಸ್ಟ್ರಾಟಜಿ ಇದೆ ಎಂದುಕೊಳ್ಳಿ. ಆ ಗಳಿಕೆ ಬರೀ ಅದೃಷ್ಟವಲ್ಲ ಎಂದು ಸಂಖ್ಯಾಶಾಸ್ತ್ರದ ಮಾಮೂಲಿ ಅಳತೆಯಲ್ಲಿ ಹೇಳಲು ಸುಮಾರು 1,600 ದಿನಗಳ ವಹಿವಾಟು ಬೇಕು. ಅಂದರೆ ಆರು ವರ್ಷಕ್ಕೂ ಹೆಚ್ಚು. ನಿನ್ನೆ ಗೆದ್ದಿತು, ಇವತ್ತು ಸೋತಿತು ಎಂದು ನಿಯಮ ತಿದ್ದುತ್ತಾ ಹೋದರೆ ಅಳೆಯಲು ಕೊನೆಗೆ ಸ್ಟ್ರಾಟಜಿಯೇ ಉಳಿದಿರುವುದಿಲ್ಲ.

ಹಾಗಾಗಿ ಅಂದಿನ ಡೇಟಾವನ್ನೇ ಬ್ಯಾಕ್‌ಟೆಸ್ಟ್ ಕೋಡಿಗೆ (ಹಿಂದಿನ ಬೆಲೆಗಳ ಮೇಲೆ ನಿಯಮವನ್ನು ಪರೀಕ್ಷಿಸುವ ಕೋಡ್) ಕೊಟ್ಟು ಮತ್ತೆ ಓಡಿಸುತ್ತೇನೆ. ಅದು ತೋರಿಸುವ ವಹಿವಾಟುಗಳನ್ನೂ ಬ್ರೋಕರ್ ಕಳಿಸುವ ಕಾಂಟ್ರಾಕ್ಟ್ ನೋಟನ್ನೂ (ಅಂದಿನ ವಹಿವಾಟುಗಳ ಅಧಿಕೃತ ಪಟ್ಟಿ) ಸಾಲು ಸಾಲಾಗಿ ತಾಳೆ ನೋಡುತ್ತೇನೆ. ಸಿಗ್ನಲ್ಲೇ (ಕೊಳ್ಳು ಅಥವಾ ಮಾರು ಎಂಬ ಸೂಚನೆ) ಬೇರೆ ಬಂದಿದ್ದರೆ ಹೆಚ್ಚಿನ ಸಲ ಕಾರಣ ಡೇಟಾ: ಲೈವ್ ಫೀಡಿನಿಂದ ಕಟ್ಟಿದ ಕ್ಯಾಂಡಲ್ಲಿಗೂ (ನಿಗದಿತ ಅವಧಿಯ ಬೆಲೆಗಳ ಸಾರ) ಆಮೇಲೆ ಸಿಗುವ ಹಿಸ್ಟಾರಿಕಲ್ ಕ್ಯಾಂಡಲ್ಲಿಗೂ ಕೆಲವು ಪೈಸೆಗಳ ವ್ಯತ್ಯಾಸ ಇರುತ್ತದೆ, ಗಡಿಯಲ್ಲಿರುವ ಸಿಗ್ನಲ್ ತಪ್ಪಿಹೋಗಲು ಅಷ್ಟು ಸಾಕು. ಸಿಗ್ನಲ್ ಒಂದೇ ಇದ್ದು ಬೆಲೆ ಮಾತ್ರ ಬೇರೆಯಾಗಿದ್ದರೆ ಅದು ಸ್ಲಿಪೇಜ್. ಇದನ್ನು ಒಳಗೆ ಹೋಗುವಾಗ, ಲಾಭದ ಟಾರ್ಗೆಟ್‌ನಲ್ಲಿ ಹೊರಬರುವಾಗ, ನಷ್ಟ ತಡೆಯಲು ಇಟ್ಟ ಸ್ಟಾಪ್‌ಲಾಸ್ ತಾಗಿದಾಗ ಎಂದು ಬೇರೆ ಬೇರೆ ಬರೆದಿಡಬೇಕು. ಒಟ್ಟು ಸರಾಸರಿ ತೆಗೆದರೆ ನೋವು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಜಾರುವುದು ಸ್ಟಾಪ್‌ಲಾಸ್‌ನಲ್ಲಿ. ಆಪ್ಷನ್ಸ್‌ನಲ್ಲಿ (ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿನ ವಹಿವಾಟು) 2021ರ ಸೆಪ್ಟೆಂಬರ್‌ನಿಂದ ಎನ್‌ಎಸ್‌ಇ ಮಾರ್ಕೆಟ್ ಬೆಲೆಯ ಸ್ಟಾಪ್‌ಲಾಸ್ ಆರ್ಡರ್ ನಿಲ್ಲಿಸಿದೆ. ಈಗ ಟ್ರಿಗರ್ (ಆರ್ಡರ್ ಜಾಗೃತವಾಗುವ ಬೆಲೆ) ಜೊತೆ ಲಿಮಿಟ್ ಬೆಲೆಯನ್ನೂ (ಒಪ್ಪುವ ಕೊನೆಯ ಬೆಲೆ) ಕೊಡಬೇಕು. ಬೆಲೆ ಆ ಲಿಮಿಟ್ಟನ್ನೇ ಹಾರಿ ಹೋದರೆ ಆರ್ಡರ್ ಅಲ್ಲೇ ನೇತಾಡುತ್ತದೆ. ಬ್ಯಾಕ್‌ಟೆಸ್ಟ್‌ನಲ್ಲಿ ಮಾತ್ರ ಅದು ಅಚ್ಚುಕಟ್ಟಾಗಿ ಮುಗಿದಿರುತ್ತದೆ!

ಖರ್ಚು ಕಳೆಯದ ಲಾಭಕ್ಕೆ ನನ್ನ ಹಾಳೆಯಲ್ಲಿ ಜಾಗವಿಲ್ಲ. ಒಂದು ಲಕ್ಷ ರೂಪಾಯಿಯ ಷೇರನ್ನು ಇಂಟ್ರಾಡೇಯಲ್ಲಿ, ಅಂದರೆ ಅದೇ ದಿನ, ಕೊಂಡು ಮಾರಿದರೆ ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) 25 ರೂಪಾಯಿ, ಸ್ಟಾಂಪ್ ಡ್ಯೂಟಿ 3, ಆರ್ಡರಿಗೆ 20ರಂತೆ ಬ್ರೋಕರೇಜ್ 40. ಎಕ್ಸ್‌ಚೇಂಜ್ ಶುಲ್ಕ ಮತ್ತು ಶೇ 18 ಜಿಎಸ್‌ಟಿ ಸೇರಿದರೆ 80 ರೂಪಾಯಿ ದಾಟುತ್ತದೆ. ವಹಿವಾಟಿಗೆ ಶೇ 0.15 ಗಳಿಸುವ ಸ್ಟ್ರಾಟಜಿಯ ಅರ್ಧಕ್ಕಿಂತ ಹೆಚ್ಚು ಇಲ್ಲೇ ಕರಗುತ್ತದೆ, ಸ್ಲಿಪೇಜ್ ಇನ್ನೂ ಬಾಕಿ.

ಇನ್ನು ನಿಲ್ಲಿಸುವ ಪ್ರಶ್ನೆ. ಬ್ಯಾಕ್‌ಟೆಸ್ಟ್‌ನ ದಿನವಾರು ಫಲಿತಾಂಶಗಳನ್ನು ಸಾವಿರಾರು ಸಲ ಕಲಸಿ, ಅಂದರೆ ಅವುಗಳ ಕ್ರಮ ಬದಲಿಸಿ, ಪ್ರತಿ ಸಲದ ದೊಡ್ಡ ಡ್ರಾಡೌನ್ (ಗರಿಷ್ಠ ಮಟ್ಟದಿಂದ ಆದ ಇಳಿಕೆ) ಎಷ್ಟೆಂದು ನೋಡುತ್ತೇನೆ. ನೂರರಲ್ಲಿ ತೊಂಬತ್ತೈದು ಸಲ ಯಾವ ಮಟ್ಟ ಮೀರುವುದಿಲ್ಲವೋ ಅದೇ ನನ್ನ ಗೆರೆ. ಲೈವ್ ಡ್ರಾಡೌನ್ ಅದನ್ನು ದಾಟಿದರೆ ಮರುದಿನ ಸ್ಟ್ರಾಟಜಿ ಓಡುವುದಿಲ್ಲ. ದಾಟದಿದ್ದರೆ ಸತತ ನಷ್ಟವಿದ್ದರೂ ಮುಟ್ಟುವುದಿಲ್ಲ. ಒಂದು ಮಿತಿ ಇದೆ: ಕಲಸಿದಾಗ ನಷ್ಟದ ದಿನಗಳು ಒಟ್ಟೊಟ್ಟಿಗೆ ಬರುವ ಗುಣ ಅಳಿಸಿಹೋಗುತ್ತದೆ. ಅದಕ್ಕೆ ಈಗೀಗ ಬಿಡಿ ದಿನಗಳ ಬದಲು ವಾರವಾರದ ತುಂಡುಗಳನ್ನೇ ಕಲಸುತ್ತೇನೆ.

2024ರ ಜೂನ್ 4ರಂಥ ದಿನಗಳನ್ನು ಬೇರೆಯೇ ಗುರುತು ಹಾಕಿಡುತ್ತೇನೆ. ಚುನಾವಣಾ ಫಲಿತಾಂಶದ ಆ ದಿನ ನಿಫ್ಟಿ ಶೇ 6ರ ಹತ್ತಿರ ಕುಸಿದಿತ್ತು. ಅಂಥ ದಿನಗಳನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ತಿಂಗಳ ಲೆಕ್ಕ ತೆಗೆಯುತ್ತೇನೆ. ಒಂದೇ ದಿನದ ಮೇಲೆ ನಿಂತ ಲಾಭವಾಗಿದ್ದರೆ ಕ್ವಾಂಟಿಟಿ ಹೆಚ್ಚಿಸುವುದಿಲ್ಲ. ನಾನೇ ಕೈ ಹಾಕಿ ಮುಚ್ಚಿದ ಪೊಸಿಷನ್‌ಗಳಿಗೂ ಬೇರೆ ಕಾಲಂ ಇದೆ. ಅವುಗಳ ಲಾಭವಾಗಲಿ ನಷ್ಟವಾಗಲಿ ಸ್ಟ್ರಾಟಜಿಯ ಖಾತೆಗೆ ಸೇರುವುದಿಲ್ಲ.