ಪಣಂಬೂರಿನಿಂದ ಹೊರಟ ಮಾಲು ದುಬೈ ದಾಟಿ ಎಲ್ಲಿಗೆ?

ಗೋಡಂಬಿ, ಕಾಫಿ, ಮೀನು ಹೊರದೇಶಕ್ಕೆ ಕಳಿಸಿ ಪಳಗಿದ ಊರು ನಮ್ಮ ಮಂಗಳೂರು. ಐಇಸಿ, ಶಿಪ್ಪಿಂಗ್ ಬಿಲ್, ಎಲ್‌ಸಿ ಎಂದರೆ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಬೈಕಂಪಾಡಿಯ ಸಣ್ಣ ಎಂಜಿನಿಯರಿಂಗ್ ಘಟಕವೊಂದು ಶಾರ್ಜಾಕ್ಕೆ ವಾಲ್ವ್ ಕಳಿಸಲು ಹೊರಟರೆ, ಮಣಿಪಾಲದ ಸಾಫ್ಟ್‌ವೇರ್ ಕಂಪನಿಯೊಂದು ವಿದೇಶದ ಗ್ರಾಹಕರಿಗೆ ಕೋಡ್ ಕೊಡಲು ಹೊರಟರೆ ಇನ್ನೆರಡು ಪ್ರಶ್ನೆ ಎದುರಾಗುತ್ತವೆ. ಈ ಮಾಲಿಗೆ ಸರ್ಕಾರದ ಪರವಾನಗಿ ಬೇಕೇ? ಕೊಳ್ಳುವ ಪಾರ್ಟಿಯ ಮೇಲೆ ಯಾವುದಾದರೂ ದೇಶದ ನಿರ್ಬಂಧ ಇದೆಯೇ? ಎರಡಕ್ಕೂ ಉತ್ತರ ಆರ್ಡರ್ ಒಪ್ಪಿಕೊಳ್ಳುವ ಮುಂಚೆಯೇ ಸಿಗಬೇಕು. ಕಂಟೇನರ್ ಬಂದರು ತಲುಪಿದ ಮೇಲೆ ಹುಡುಕಿದರೆ, ಮಾಲು ಅಲ್ಲಿ ಕಾದು ನಿಂತದ್ದಕ್ಕೆ ಡೆಮರೇಜ್ ಶುಲ್ಕ ಕಟ್ಟುವವರು ನೀವೇ.

ಮೊದಲು ಮಾಲನ್ನು ನೋಡಿ

ಕಸ್ಟಮ್ಸ್‌ನಲ್ಲಿ ಮಾಲನ್ನು ಗುರುತಿಸುವ ಎಚ್‌ಎಸ್ ಕೋಡ್ ಗೊತ್ತಿದ್ದರೆ ಸಾಕು ಎಂಬ ನಂಬಿಕೆ ಬಹಳ ಜನರಲ್ಲಿದೆ. ಸಾಲದು. ನಾಗರಿಕ ಬಳಕೆಗೂ ಯುದ್ಧಕ್ಕೂ ಒದಗಬಲ್ಲ ವಸ್ತುಗಳಿಗಾಗಿಯೇ ಭಾರತದಲ್ಲಿ ‘ಸ್ಕೋಮೆಟ್’ ಎಂಬ ಪಟ್ಟಿ ಇದೆ. ರಾಸಾಯನಿಕ, ಸೂಕ್ಷ್ಮಜೀವಿ, ಲೋಹ, ಯಂತ್ರ, ತಂತ್ರಜ್ಞಾನ ಎಲ್ಲವೂ ಇದರಲ್ಲಿ ಬರುತ್ತವೆ. ಅಣುಶಕ್ತಿಗೆ ಸಂಬಂಧಿಸಿದ ‘ಸೊನ್ನೆ’ ಸಂಖ್ಯೆಯ ವರ್ಗಕ್ಕೆ ಅಣುಶಕ್ತಿ ಇಲಾಖೆ, ಯುದ್ಧಸಾಮಗ್ರಿಯ ಆರನೇ ವರ್ಗಕ್ಕೆ ರಕ್ಷಣಾ ಉತ್ಪಾದನಾ ಇಲಾಖೆ ಪರವಾನಗಿ ಕೊಡುತ್ತವೆ. ಉಳಿದವಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ.

ಈ ಪಟ್ಟಿಯಲ್ಲಿ ಮಾಲಿನ ಹೆಸರಿಗಿಂತ ಅದರ ತಾಂತ್ರಿಕ ವಿವರ ಮುಖ್ಯ. ವಾಲ್ವನ್ನೇ ತೆಗೆದುಕೊಳ್ಳಿ. 316 ಸ್ಟೇನ್‌ಲೆಸ್ ಸ್ಟೀಲ್‌ನ ಸಾಮಾನ್ಯ ವಾಲ್ವಿಗೆ ಇದರ ಗೊಡವೆ ಇಲ್ಲ. ಆದರೆ 10 ಮಿಲಿಮೀಟರ್‌ಗಿಂತ ದೊಡ್ಡದಾಗಿದ್ದು, ದ್ರವ ತಾಗುವ ಒಳಮೈ ಪೂರ್ತಿ ಗಾಜಿನ ಲೇಪದ್ದೋ ಫ್ಲೋರೋಪಾಲಿಮರಿನದ್ದೋ ಟೈಟಾನಿಯಂನದ್ದೋ ಆಗಿದ್ದರೆ, ಅಥವಾ ಶೇ 25ಕ್ಕಿಂತ ಹೆಚ್ಚು ನಿಕಲ್, ಶೇ 20ಕ್ಕಿಂತ ಹೆಚ್ಚು ಕ್ರೋಮಿಯಂ ಇರುವ ಮಿಶ್ರಲೋಹದ್ದಾಗಿದ್ದರೆ ಅದು ನಿಯಂತ್ರಿತ ಮಾಲು. ರಾಸಾಯನಿಕ ಅಸ್ತ್ರ ತಯಾರಿಸುವಾಗ ತುಕ್ಕು ಹಿಡಿಯದ, ಆಮ್ಲಕ್ಕೆ ಕರಗದ ಕೊಳವೆ ವ್ಯವಸ್ಥೆ ಬೇಕು, ಅದಕ್ಕೇ ಈ ನಿಯಮ. ಹೊರಗಿನಿಂದ ಎರಡೂ ವಾಲ್ವ್ ಒಂದೇ ಥರ ಕಾಣುತ್ತವೆ. ಆದ್ದರಿಂದ ಈ ಕೆಲಸವನ್ನು ಅಕೌಂಟ್ಸ್ ವಿಭಾಗಕ್ಕೋ ಕಸ್ಟಮ್ಸ್ ಏಜೆಂಟರಿಗೋ (ಸಿಎಚ್‌ಎ) ಬಿಡಬೇಡಿ. ಡ್ರಾಯಿಂಗ್ ಮತ್ತು ಮೆಟೀರಿಯಲ್ ಟೆಸ್ಟ್ ಸರ್ಟಿಫಿಕೇಟ್ ಓದಲು ಬರುವ ಎಂಜಿನಿಯರನ್ನೇ ಕೂರಿಸಿ.

ರಾಸಾಯನಿಕ ಮಾರುವವರ ಪಾಡೂ ಇದೇ. ಶಾಂಪೂ, ಲೋಷನ್‌ಗಳಲ್ಲಿ ಬಳಸುವ ಟ್ರೈಎಥನಾಲಮೈನ್, ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದದ ಮೂರನೇ ಅನುಸೂಚಿಯಲ್ಲಿದೆ ಎಂದರೆ ಸೋಪಿನ ವ್ಯಾಪಾರಿ ಹುಬ್ಬೇರಿಸಿಯಾನು!

ಸಾಫ್ಟ್‌ವೇರ್‌ನವರಿಗೆ ಒಂದು ಮಾತು. ರಫ್ತು ಎಂದರೆ ಹಡಗೇ ಆಗಬೇಕಿಲ್ಲ. ನಿಯಂತ್ರಿತ ತಂತ್ರಜ್ಞಾನದ ಡ್ರಾಯಿಂಗನ್ನು ಇಮೇಲ್‌ನಲ್ಲಿ ಕಳಿಸಿದರೂ ಅದು ರಫ್ತೇ.

ಪಟ್ಟಿಯಲ್ಲಿದ್ದರೆ ಡಿಜಿಎಫ್‌ಟಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದರ ಜೀವಾಳ ಕೊನೆಯ ಬಳಕೆದಾರ ಕೊಡುವ ಅಂತಿಮ ಬಳಕೆ ಪ್ರಮಾಣಪತ್ರ. ಮಾಲು ಎಷ್ಟು, ಯಾವ ಕೆಲಸಕ್ಕೆ, ಯಾವ ಜಾಗದಲ್ಲಿ ಬಳಕೆ ಎಂಬುದು ಪರ್ಚೇಸ್ ಆರ್ಡರಿಗೆ ಸರಿಯಾಗಿ ಹೊಂದಬೇಕು. ಆರ್ಡರಿನಲ್ಲಿ 40, ಪತ್ರದಲ್ಲಿ 50 ಎಂದಿದ್ದರೆ ಪ್ರಶ್ನೆ ಹೊತ್ತು ಅರ್ಜಿ ನಿಮ್ಮ ಮೇಜಿಗೇ ವಾಪಸಾದೀತು.

ಆಮೇಲೆ ಪಾರ್ಟಿಯನ್ನು ನೋಡಿ

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಬಂಧಗಳು ಭಾರತಕ್ಕೆ ಕಡ್ಡಾಯ. ಅಮೆರಿಕ, ಯುರೋಪಿಯನ್ ಒಕ್ಕೂಟ, ಬ್ರಿಟನ್‌ಗಳ ಪಟ್ಟಿ ನಮ್ಮ ಕಾನೂನಲ್ಲ. ಹಾಗೆಂದು ಕಡೆಗಣಿಸುವಂತಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ರಷ್ಯಾದ ಯುದ್ಧೋದ್ಯಮಕ್ಕೆ ನೆರವಾದ ಆರೋಪ ಹೊರಿಸಿ ಅಮೆರಿಕ ನಿರ್ಬಂಧ ಹೇರಿದವರಲ್ಲಿ ಭಾರತದ 19 ಕಂಪನಿಗಳಿದ್ದವು. ಅವು ಭಾರತದ ಕಾನೂನು ಮುರಿದಿಲ್ಲ ಎಂದು ನಮ್ಮ ವಿದೇಶಾಂಗ ಸಚಿವಾಲಯ ಹೇಳಿತು. ಮಾತು ನಿಜವೇ. ಆದರೆ ಆ ಪಟ್ಟಿಗೆ ಸೇರಿದವರಿಗೆ ಡಾಲರ್ ವಹಿವಾಟಿನ ಬಾಗಿಲು ಮುಚ್ಚಿತೆಂದೇ ಲೆಕ್ಕ.

ನಿರ್ಬಂಧ ಪಟ್ಟಿಯಲ್ಲಿ ಹೆಸರು ಹುಡುಕಲು ಅಮೆರಿಕದ ಖಜಾನೆ ಇಲಾಖೆಯ ‘ಒಫ್ಯಾಕ್’ ಕಚೇರಿಯ ಹುಡುಕುಪುಟ ಇದೆ, ಉಚಿತ. ಹೆಸರು ಎಷ್ಟು ಹೊಂದಬೇಕೆಂದು ಹೇಳುವ ಸ್ಲೈಡರ್ ಒಂದು ಅಲ್ಲಿದೆ, ಅದು ತಾನಾಗಿ 100ರಲ್ಲಿ ನಿಂತಿರುತ್ತದೆ. ಅದನ್ನು 80ರ ಆಸುಪಾಸಿಗೆ ಇಳಿಸಿ. ಮೊಹಮ್ಮದ್ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆಂದು ಗಲ್ಫ್ ನಂಟಿರುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಂಪನಿಯ ಹೆಸರಷ್ಟೇ ಅಲ್ಲ, ಮಾಲೀಕರ ಹೆಸರನ್ನೂ ಹಾಕಿ. ಪಟ್ಟಿಯಲ್ಲಿರುವವರ ಒಟ್ಟು ಪಾಲು ಶೇ 50 ಅಥವಾ ಹೆಚ್ಚಿದ್ದರೆ, ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ ಆ ಕಂಪನಿಗೂ ಅಮೆರಿಕದ ನಿರ್ಬಂಧ ಅನ್ವಯ. ಹಡಗನ್ನು ಹುಡುಕುವುದಾದರೆ ಅದರ ಗುರುತಿನ ಏಳು ಅಂಕಿಯ ಐಎಂಒ ಸಂಖ್ಯೆ ನೋಡಿ. ಹಡಗಿನ ಹೆಸರು, ಬಾವುಟ ಬದಲಾದರೂ ಆ ಸಂಖ್ಯೆ ಬದಲಾಗದು.

ದುಬೈಯ ನಂತರ?

ನಮ್ಮವರು ಎಡವುವ ಜಾಗ ಇದು ಎಂಬುದು ನನ್ನ ಅಭಿಪ್ರಾಯ. ದುಬೈ, ಶಾರ್ಜಾಗಳಲ್ಲಿ ಟ್ರೇಡಿಂಗ್ ಕಂಪನಿ ಇಟ್ಟವರಲ್ಲಿ ನಮ್ಮೂರಿನವರೇ ಎಷ್ಟೋ ಮಂದಿ. ‘ಗುರ್ತದವರು ಮಾರಾಯ್ರೆ, ಎಂತ ಕೇಳುವುದು?’ ಎಂಬ ಸಂಕೋಚ ಸಹಜ. ಆದರೂ ಕೇಳಿ. ದುಬೈಯ ಜೆಬೆಲ್ ಅಲಿ ಬಂದರಿನಲ್ಲಿ ಇಳಿದ ಮಾಲು ಅಲ್ಲೇ ಉಳಿಯುತ್ತದೋ, ಮುಂದೆ ಸಾಗುತ್ತದೋ? ಸಾಗಿದರೆ ಯಾರಿಗೆ?

ರಷ್ಯಾ ತಲುಪಬಾರದೆಂದು ಅಮೆರಿಕ ಮತ್ತು ಮಿತ್ರರಾಷ್ಟ್ರಗಳು ಗುರುತಿಸಿರುವ 50 ಎಚ್‌ಎಸ್ ಕೋಡ್‌ಗಳಲ್ಲಿ ಎಲೆಕ್ಟ್ರಾನಿಕ್ ಚಿಪ್ ಜತೆಗೆ ಬಾಲ್ ಬೇರಿಂಗ್ ಕೂಡ ಇದೆ. ನಿನ್ನೆ ಮೊನ್ನೆ ಹುಟ್ಟಿದ ಕಂಪನಿ, ವ್ಯವಹಾರಕ್ಕೆ ಹೊಂದದ ಮಾಲು, ಯಂತ್ರ ಕೊಂಡರೂ ಅಳವಡಿಕೆಗೆ ನಿಮ್ಮ ಜನ ಬೇಡ ಎನ್ನುವ ಗಿರಾಕಿ, ಕೊಳ್ಳುವವರು ಒಬ್ಬರಾದರೆ ದುಡ್ಡು ಕಳಿಸುವವರು ಮೂರನೇ ದೇಶದ ಇನ್ನೊಬ್ಬರು, ತಲುಪಿಸುವ ವಿಳಾಸ ಬರೀ ಸರಕು ಸಾಗಿಸುವ ಏಜೆಂಟನ (ಫ್ರೈಟ್ ಫಾರ್ವರ್ಡರ್) ಗೋದಾಮು. ಇವುಗಳಲ್ಲಿ ಒಂದು ಕಂಡರೂ ಮಾಲು ತಡೆಹಿಡಿದು ಲಿಖಿತ ಉತ್ತರ ಪಡೆಯಿರಿ. ನಿಮ್ಮ ಅನುಮತಿ ಇಲ್ಲದೆ ಮರುರಫ್ತು ಮಾಡುವುದಿಲ್ಲ ಎಂಬ ಷರತ್ತು ಕರಾರಿನಲ್ಲೇ ಇರಲಿ.

ದುಡ್ಡು ಬರುವ ದಾರಿಯನ್ನೂ ಬ್ಯಾಂಕಿನೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಆಹಾರ ಮತ್ತು ಔಷಧಕ್ಕೆ ಅಮೆರಿಕದ ನಿರ್ಬಂಧಗಳಲ್ಲಿ ಸಾಮಾನ್ಯವಾಗಿ ವಿನಾಯಿತಿ ಇದೆ. ಆದರೂ ಇರಾನಿನ ಹೆಸರು ಕಂಡರೆ ಬ್ಯಾಂಕುಗಳು ಹಿಂಜರಿಯುತ್ತವೆ. ಇರಾನಿನ ಕಚ್ಚಾತೈಲದ ದೊಡ್ಡ ಖರೀದಿದಾರರಲ್ಲಿ ನಮ್ಮ ಊರಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್ ಕೂಡ ಒಂದಾಗಿತ್ತು. 2019ರ ಮೇ ತಿಂಗಳಲ್ಲಿ ಅಮೆರಿಕದ ವಿನಾಯಿತಿ ಮುಗಿದಾಗ ಭಾರತ ಆ ಖರೀದಿಯನ್ನೇ ನಿಲ್ಲಿಸಿತು.

ಹುಡುಕಿದ ಪುಟವನ್ನು ದಿನಾಂಕ ಸಮೇತ ಪ್ರಿಂಟ್ ತೆಗೆದು ಆರ್ಡರ್ ಫೈಲಿಗೆ ಸೇರಿಸಿ, ಮಾಲು ಹೊರಡುವ ದಿನ ಇನ್ನೊಮ್ಮೆ ಹುಡುಕಿ. ಪಟ್ಟಿಗಳು ಯಾವಾಗ ಬೇಕಾದರೂ ಬದಲಾಗುತ್ತವೆ. ಫೈಲುಗಳು ಕನಿಷ್ಠ ಐದು ವರ್ಷ ಕೈಗೆ ಸಿಗುವಂತಿರಲಿ. ವಿದೇಶ ವ್ಯಾಪಾರ ಕಾಯ್ದೆ ಮುರಿದರೆ ದಂಡ ಮಾಲಿನ ಬೆಲೆಯ ಐದು ಪಟ್ಟಿನವರೆಗೂ ಹೋಗಬಹುದು. ಸಾಮೂಹಿಕ ವಿನಾಶದ ಅಸ್ತ್ರಗಳ ಕುರಿತ 2005ರ ಕಾಯ್ದೆಯಡಿ ಜೈಲೂ ಇದೆ.