ವೇಳಾಪಟ್ಟಿಯನ್ನು ನಾನು ಜಂಕ್ಷನ್‌ನಿಂದಲೇ ಶುರು ಮಾಡುವುದು ಏಕೆ

ರೈಲುಗಳ ವೇಳಾಪಟ್ಟಿ ಹೆಣೆಯುವುದು ನನ್ನ ಕೆಲಸ. ಗಾಡಿ ಹೊರಡುವ ನಿಲ್ದಾಣದಿಂದ ಲೆಕ್ಕ ಶುರು ಮಾಡೋದು ಸಹಜ ಅನ್ನಿಸುತ್ತದೆ. ನಾನು ಹಾಗೆ ಮಾಡುವುದಿಲ್ಲ. ಜಂಕ್ಷನ್‌ನಲ್ಲಿ, ಅಂದರೆ ಹಳಿಗಳು ಒಂದನ್ನೊಂದು ದಾಟುವ ಜಾಗದಲ್ಲಿ, ಯಾವ ಗಾಡಿ ಯಾವ ನಿಮಿಷಕ್ಕೆ ಇರಬೇಕು ಅನ್ನುವುದನ್ನು ಮೊದಲು ಗೊತ್ತು ಮಾಡುತ್ತೇನೆ. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಉಳಿದ ನಿಲ್ದಾಣಗಳ ಸಮಯ ಬರೆಯುತ್ತೇನೆ.

ಅದಕ್ಕೆ ಮೊದಲು ಒಂದು ಕೋಷ್ಟಕ ಬೇಕು. ಜಂಕ್ಷನ್ ದಾಟುವ ಯಾವ ಎರಡು ರೂಟ್‌ಗಳನ್ನು ಎರಡು ಗಾಡಿಗಳಿಗೆ ಒಟ್ಟಿಗೆ ಕೊಡಬಹುದು, ಕೊಡಲಾಗದಿದ್ದರೆ ನಡುವೆ ಎಷ್ಟು ಸಮಯ ಬಿಡಬೇಕು, ಅಷ್ಟೇ. ಆದರೆ ಈ ಅಂತರವನ್ನು ಸುಮ್ನೆ ಅಂದಾಜಿಗೆ ಬರೆಯಬಾರದು. 600 ಮೀಟರ್ ಉದ್ದದ ಗೂಡ್ಸ್ ಗಾಡಿ 300 ಮೀಟರ್ ಜಾಗ ಪೂರ್ತಿ ದಾಟಬೇಕು ಅಂತಿಟ್ಟುಕೊಳ್ಳಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ 108 ಸೆಕೆಂಡ್ ಬೇಕು. 60 ಕಿ.ಮೀ. ಆದರೆ 54 ಸೆಕೆಂಡ್ ಸಾಕು. ಆಮೇಲೆ ಪಾಯಿಂಟ್, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಹಳಿ ತುಂಡು, ತಿರುಗಬೇಕು, ಸಿಗ್ನಲ್ ಹಸಿರಾಗಬೇಕು. ಅದೂ ಮುಂದಿನ ಗಾಡಿಯ ಚಾಲಕ ಬ್ರೇಕ್ ಹಾಕುವ ಮೊದಲೇ ಆಗಬೇಕು.

ನನಗೆ ಅತಿ ಹೆಚ್ಚು ಲಾಭ ತಂದದ್ದು ಜೋಡಿ ಕಟ್ಟುವ ಕ್ರಮ. ಗಾಡಿಗಳು ಎಡ ಹಳಿಯಲ್ಲಿ ಓಡುವ ಜೋಡಿ ಮಾರ್ಗ (ಹೋಗಲು ಒಂದು ಹಳಿ, ಬರಲು ಒಂದು) ಇದೆ ಅಂದುಕೊಳ್ಳಿ, ಅದರಿಂದ ಬಲಕ್ಕೆ ಇನ್ನೊಂದು ಜೋಡಿ ಮಾರ್ಗ ಕವಲೊಡೆಯುತ್ತದೆ, ಮೇಲ್ಸೇತುವೆ ಇಲ್ಲ. ಕವಲಿಗೆ ಹೋಗುವ ಗಾಡಿ ಎದುರು ಹಳಿಯನ್ನು ಅಡ್ಡ ದಾಟಲೇಬೇಕು. ಕವಲಿನಿಂದ ಬರುವ ಗಾಡಿ ಅದೇ ಎದುರು ಹಳಿಗೆ ಸೇರುತ್ತದೆ. ಅಂದರೆ ಮುಖ್ಯ ಮಾರ್ಗದಲ್ಲಿ ಎದುರಿನಿಂದ ಬರುವ ಗಾಡಿಗೆ ಎರಡು ಸಲ ತಡೆ. ಸಾಮಾನ್ಯ ಜೋಡಿ ಜಂಕ್ಷನ್‌ನಲ್ಲಿ ಈ ಎರಡು ಕವಲು ಗಾಡಿಗಳು ಒಂದಕ್ಕೊಂದು ಅಡ್ಡ ಬರುವುದಿಲ್ಲ. ಹಾಗಾಗಿ ಎರಡನ್ನೂ ಒಂದೇ ನಿಮಿಷಕ್ಕೆ ಕೂಡಿಸುತ್ತೇನೆ. ಎರಡು ತಡೆ ಒಂದೇ ಆಗುತ್ತದೆ. ಹಳಿ ಹಾಕದೆ, ಕಾಸು ಖರ್ಚಿಲ್ಲದೆ ಜಾಗ ಸಿಕ್ಕಿತು ಅಲ್ವಾ? ಗಾಡಿಗಳ ಓಟವನ್ನು ಸಮಯ, ದೂರದ ಗೆರೆಗಳಾಗಿ ಎಳೆಯುವ ಗ್ರಾಫ್ ಮೇಲೆ ಆ ಖಾಲಿ ಜಾಗ ತೆರೆದುಕೊಂಡಾಗ ಇವತ್ತಿಗೂ ನನಗೆ ಖುಷಿಯಾಗುತ್ತದೆ.

ಈ ಜೋಡಿ ಪ್ರತಿ ಗಂಟೆ ಅದೇ ನಿಮಿಷಕ್ಕೆ ಬಂದರೆ ಇನ್ನೂ ಒಳ್ಳೆಯದು. ಸ್ವಿಟ್ಜರ್ಲೆಂಡ್ 1982ರಲ್ಲಿ ದೇಶಕ್ಕೆಲ್ಲ ಇಂಥ ಮರುಕಳಿಸುವ ವೇಳಾಪಟ್ಟಿ ತಂದಿತು. ಒಂದು ಗಂಟೆಯ ತೊಡಕು ಬಿಡಿಸಿದರೆ ದಿನದ ಬಹುಪಾಲು ಬಿಡಿಸಿದಂತೆ.

ತಡವಾಗಿ ಬರುವ ಗಾಡಿಗೆಂದು ಇಡುವ ಹೆಚ್ಚುವರಿ ನಿಮಿಷಗಳು ಎಲ್ಲಿರಬೇಕು ಅನ್ನುವುದರಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಜಂಕ್ಷನ್‌ಗೆ ಮುಂಚೆಯೇ ಇರಬೇಕು. ಕೊನೆಯ ನಿಲ್ದಾಣದಲ್ಲಿಟ್ಟರೆ ಅಂಕಿಅಂಶ ಚೆನ್ನಾಗಿ ಕಾಣುತ್ತದೆ, ಆದರೆ ದಾರಿಯಲ್ಲಿ ಬೇರೆ ಗಾಡಿಗಳಿಗೆ ತಗುಲಿದ ತಡ ಹಾಗೇ ಉಳಿಯುತ್ತದೆ.

ಗೂಡ್ಸ್ ಗಾಡಿಯನ್ನಂತೂ ಜಂಕ್ಷನ್ ಸಿಗ್ನಲ್ ಮುಂದೆ ಪೂರ್ತಿ ನಿಲ್ಲಿಸಲು ನಾನು ಬಿಡುವುದಿಲ್ಲ. ನಿಂತ ಭಾರ ಮತ್ತೆ ವೇಗ ಹಿಡಿದು ಪಾಯಿಂಟ್ ಬಿಡುವಷ್ಟರಲ್ಲಿ ಬೇರೊಂದು ಗಾಡಿಯ ಸರದಿ ತಿಂದಿರುತ್ತದೆ. ಹಿಂದಿನ ಸೆಕ್ಷನ್‌ಗಳಲ್ಲೇ ಓಟದ ಸಮಯ ಸ್ವಲ್ಪ ಜಾಸ್ತಿ ಕೊಟ್ಟು, ನಿಧಾನವಾಗಿಯಾದರೂ ಉರುಳುತ್ತಾ ಬರುವಂತೆ ಬರೆಯುತ್ತೇನೆ.